ಸಲಕರಣೆ ಬದಲಾಗುವಾಗ ಕಾಯಕ

ಕಾಯಕವೆಂಬುದು ಹೊಟ್ಟೆಯ ಪಾಡಿಗಾಗಿ ಮಾಡುವ ಕೈಗೆಲಸವಷ್ಟೇ ಅಲ್ಲವೆಂಬುದು ಸದ್ಭಕ್ತರೆಲ್ಲರೂ ಬಲ್ಲ ಮಾತು. ಶರಣರ ಹೆಸರುಗಳನ್ನು ಉಚ್ಚರಿಸಿದೊಡನೆ ಅವರ ವೃತ್ತಿಗಳೂ ನೆನಪಿಗೆ ಬರುತ್ತವೆ. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಮೊದಲಾದವರಲ್ಲಿ ಕೆಲಸವು ಹೆಸರಿನ ಭಾಗವೇ ಆಗಿಹೋಗಿದೆ. ಆದರೆ ಇಲ್ಲಿ ವಿಚಾರಮಾಡತಕ್ಕ ಸಂಗತಿಯೊಂದುಂಟು. ಹನ್ನೆರಡನೆಯ ಶತಮಾನದ ಅಂಬಿಗನು ಹಿಡಿದ ಹುಟ್ಟು ಅವನ ತಂದೆ ಹಿಡಿದಂತಹುದೇ ಆಗಿದ್ದಿತು. ಅವನ ಮಗನಿಗೂ ಅಂತಹುದೇ ಸಾಕಾಗುತ್ತಿದ್ದಿತು. ಹುಲ್ಲಿನಿಂದ ಹಗ್ಗ ಹೊಸೆಯುವವನಿಗೆ ತನ್ನ ಎರಡು ಅಂಗೈಗಳೇ ಮುಖ್ಯ ಸಲಕರಣೆ. ಒಂದು ಜೀವಮಾನದಲ್ಲಿಯೇ ಸಲಕರಣೆಯು ಬದಲಾಗಿಬಿಡುವುದೆಂಬ ಚಿಂತೆಯು ಆ ಕಾಲದ ಕಾಯಕಜೀವಿಗಳನ್ನು ಅಷ್ಟಾಗಿ ಬಾಧಿಸಿರಲಾರದು.

ಇಂದಿನ ಸ್ಥಿತಿಯು ಹಾಗಿಲ್ಲ. ದಾವಣಗೆರೆ, ಹುಬ್ಬಳ್ಳಿ, ಕಲಬುರ್ಗಿ, ತುಮಕೂರುಗಳ ಅನೇಕ ಮನೆಗಳಿಂದ ಮಕ್ಕಳು ಬೆಂಗಳೂರಿಗೆ ತೆರಳಿ ಸಾಫ್ಟ್‌ವೇರ್ ಬರೆಯುವ, ಮೊಬೈಲಿನ ಪರದೆಗಳನ್ನು ವಿನ್ಯಾಸಗೊಳಿಸುವ ಉದ್ಯೋಗಗಳಲ್ಲಿ ತೊಡಗಿದ್ದಾರೆ. ಇಂತಹ ವೃತ್ತಿಯಲ್ಲಿ ಇಪ್ಪತ್ತು ವರ್ಷ ಕಳೆದವನು ನಾಲ್ಕಾರು ಸಲವಾದರೂ ತನ್ನ ಸಲಕರಣೆಯನ್ನು ಕೆಳಗಿಟ್ಟು ಬೇರೊಂದನ್ನು ಮೊದಲಿನಿಂದ ಕಲಿತಿರುತ್ತಾನೆ. ಹಬ್ಬಕ್ಕೆ ಊರಿಗೆ ಬಂದ ಮಗನು ಊಟವಾದ ಮೇಲೆಯೂ ಗಣಕಯಂತ್ರವನ್ನು ತೆರೆದು ಕುಳಿತರೆ, “ಇನ್ನೂ ಏನು ಕಲಿಯುವುದಪ್ಪಾ, ನೌಕರಿ ಸಿಕ್ಕಾಯಿತಲ್ಲ!” ಎಂದು ಹಿರಿಯರು ಕೇಳುವುದುಂಟು. ಅವರ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಒಮ್ಮೆ ಕಲಿತ ವಿದ್ಯೆಯಿಂದ ಬಾಳೆಲ್ಲ ಉಂಡವರ ಪ್ರಶ್ನೆಯದು. ಮಗನ ಎದೆಯಲ್ಲಿರುವ ಅಳುಕು ಬೇರೆ. ಕೈಯೊಳಗಿನ ಸಲಕರಣೆಯು ಹಳತಾದ ದಿನ ತನ್ನ ಬೆಲೆಯೂ ಅದರೊಡನೆ ಹೋಗಿಬಿಡುವುದೋ ಎಂಬುದೇ ಆ ಅಳುಕು. ಕಾಯಕವು ಸಲಕರಣೆಯಲ್ಲಿದೆಯೋ, ಅದನ್ನು ಹಿಡಿದ ಮನುಷ್ಯನಲ್ಲಿದೆಯೋ ಎಂಬುದನ್ನು ಅವನು ಪ್ರತಿ ನಾಲ್ಕು ವರ್ಷಕ್ಕೊಮ್ಮೆ ಹೊಸದಾಗಿ ತೀರ್ಮಾನಿಸಿಕೊಳ್ಳಬೇಕಾಗಿದೆ.

ಈ ವೃತ್ತಿಯ ಹಿರಿಯಣ್ಣಂದಿರೆಂದರೆ ಅಚ್ಚುಕೂಟದವರು. ಪುಟವನ್ನು ಕಣ್ಣಿಗೆ ಹಿತವಾಗುವಂತೆ ಜೋಡಿಸುವ ವಿದ್ಯೆಯು ಬೆಳೆದದ್ದು ಅವರ ಕೈಯಲ್ಲಿಯೇ. ಸಲಕರಣೆಯ ಬದಲಾವಣೆಯ ಪೆಟ್ಟನ್ನು ಮೊದಲು ಉಂಡವರೂ ಅವರೇ. ಮೊಳೆ ಜೋಡಿಸಿ ಕನ್ನಡ ಪುಸ್ತಕಗಳನ್ನು ಅಚ್ಚುಮಾಡುತ್ತಿದ್ದ ಕಾಲವನ್ನು ಕಂಡವರು ಇನ್ನೂ ಇದ್ದಾರೆ. ಕನ್ನಡದ ಕಾಗುಣಿತ ಮತ್ತು ಒತ್ತಕ್ಷರಗಳಿಂದಾಗಿ ಇಂಗ್ಲಿಷಿಗಿಂತ ಎಷ್ಟೋ ಪಾಲು ಹೆಚ್ಚು ಮೊಳೆಗಳು ಬೇಕಾಗುತ್ತಿದ್ದವು. ಮೊಳೆಯ ಮೇಲೆ ಅಕ್ಷರವು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿರುತ್ತಿದ್ದಿತು. ಆ ನೂರಾರು ಗೂಡುಗಳಲ್ಲಿ ಯಾವ ಮೊಳೆ ಎಲ್ಲಿದೆಯೆಂಬುದನ್ನು ಕಣ್ಣು ಹಾಯಿಸದೆಯೇ ಬೆರಳು ತಿಳಿದಿರಬೇಕಾಗಿತ್ತು. ಇಷ್ಟು ವಿದ್ಯೆಯನ್ನು ಸಂಪಾದಿಸಿಕೊಂಡವನಿಗೆ, “ನಾಳೆಯಿಂದ ಈ ಗೂಡುಗಳು ಬೇಡ” ಎಂದು ಹೇಳುವುದು ಸುಲಭವಾದ ಮಾತಲ್ಲ. ಆ ಮಾತನ್ನು ಹೇಳುವ ರೀತಿ ಒಂದಲ್ಲ, ಎರಡುಂಟೆಂಬುದನ್ನು ತೋರಿಸಲು ಎರಡು ಮಹಾನಗರಗಳ ಕಥೆಯನ್ನು ಇಲ್ಲಿ ನೋಡಬಹುದು.

ಮೊದಲನೆಯದು ಅಮೆರಿಕದ ನ್ಯೂಯಾರ್ಕ್. ಅಲ್ಲಿಯ ಪತ್ರಿಕೆಗಳಲ್ಲಿ 1886ರಿಂದಲೂ ಲೈನೋಟೈಪ್ ಎಂಬ ಯಂತ್ರವು ಬಳಕೆಗೆ ಬಂದಿದ್ದಿತು. ಕಾರ್ಮಿಕನು ಕೀಲಿಗಳನ್ನೊತ್ತಿದರೆ ಕಾದ ಸೀಸದಿಂದ ಇಡಿಯ ಸಾಲೊಂದು ಎರಕವಾಗಿ ಬರುತ್ತಿದ್ದಿತು. 1960ರ ದಶಕಕ್ಕೆ ಈ ಸೀಸದ ಸ್ಥಾನವನ್ನು ಗಣಕಯಂತ್ರವೂ ಛಾಯಾಚಿತ್ರದ ವಿಧಾನವೂ ಹಿಡಿಯತೊಡಗಿದವು. ಭಯವು ಹಬ್ಬಿತು. 1962ರ ಡಿಸೆಂಬರಿನಲ್ಲಿ ಆರಂಭವಾದ ಮುಷ್ಕರವು 114 ದಿನಗಳವರೆಗೆ ನಡೆದು ಆ ನಗರದ ಪತ್ರಿಕೆಗಳನ್ನು ಮೌನಗೊಳಿಸಿತು. ಹಲವು ಪತ್ರಿಕೆಗಳು ಮುಂದೆ ಚೇತರಿಸಿಕೊಳ್ಳಲಿಲ್ಲ. ಇಬ್ಬರೂ ಸೋತ ಈ ಕಾದಾಟದ ನೆನಪು ಎರಡೂ ಪಕ್ಷಗಳಿಗೆ ವಿವೇಕವನ್ನು ಕಲಿಸಿತೆಂದು ತೋರುತ್ತದೆ. 1974ರಲ್ಲಿ ಕಾರ್ಮಿಕರ ಸಂಘವೂ ಪತ್ರಿಕೆಗಳವರೂ ಒಂದು ಒಪ್ಪಂದಕ್ಕೆ ಬಂದರು. ಹೊಸ ಯಂತ್ರಗಳನ್ನು ತರಲು ಮಾಲೀಕರಿಗೆ ಅಡ್ಡಿಯಿಲ್ಲ. ಆದರೆ ಖಾಯಂ ಕಾರ್ಮಿಕರಿಗೆ ಬದುಕಿರುವವರೆಗೆ ಉದ್ಯೋಗದ ಭರವಸೆ. ಇದು ಆ ಒಪ್ಪಂದದ ತಿರುಳು. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಸೀಸದ ಸಾಲುಗಳಿಂದ ಪುಟ ಕಟ್ಟಿದ ಕಡೆಯ ರಾತ್ರಿಯು 1978ರ ಜುಲೈ 1. ಆ ರಾತ್ರಿಯ ಕೆಲಸವನ್ನು ಚಿತ್ರೀಕರಿಸಿಟ್ಟಿದ್ದಾರೆ. ಹಳೆಯ ಯಂತ್ರಗಳ ಮುಂದೆ ಕುಳಿತಿದ್ದವರೇ ಮುಂದೆ ಗಣಕಯಂತ್ರದ ಮುಂದೆ ಕುಳಿತು, ಕಾಗದದ ಪಟ್ಟಿಗಳನ್ನು ಕತ್ತರಿಸಿ ಪುಟಕ್ಕೆ ಅಂಟಿಸುವುದನ್ನು ಕಲಿತುಕೊಂಡರು. ಅವರಿಗೆ ದುಃಖವಾಗಲಿಲ್ಲವೆಂದಲ್ಲ. ಆದರೆ ಆ ದುಃಖದಲ್ಲಿ ಅವಮಾನವು ಬೆರೆತಿರಲಿಲ್ಲ.

ಎರಡನೆಯದು ಲಂಡನ್. ಅಲ್ಲಿಯ ಮುದ್ರಣ ಕಾರ್ಮಿಕರ ಸಂಘಗಳು ಹಟದಲ್ಲಿ ಯಾರಿಗೂ ಕಡಿಮೆಯವಾಗಿರಲಿಲ್ಲ. ಹೊಸ ಯಂತ್ರಗಳ ವಿವಾದದಿಂದ ‘ಟೈಮ್ಸ್’ ಪತ್ರಿಕೆಯು 1978ರ ಡಿಸೆಂಬರಿನಿಂದ ಸುಮಾರು ಒಂದು ವರ್ಷ ಮುಚ್ಚಿಯೇ ಇದ್ದಿತು. ಮುಂದೆ ಅದರ ಮಾಲೀಕತ್ವವು ರೂಪರ್ಟ್ ಮರ್ಡಾಕರ ಸಂಸ್ಥೆಗೆ ಬಂದಿತು. ಆ ಸಂಸ್ಥೆಯು ವಾಪಿಂಗ್ ಎಂಬ ಬಡಾವಣೆಯಲ್ಲಿ ಹೊಸದೊಂದು ಸಂಜೆಪತ್ರಿಕೆಗಾಗಿ ಎಂಬ ನೆಪದಲ್ಲಿ ಮುದ್ರಣಾಲಯವನ್ನು ಗುಟ್ಟಾಗಿ ಸಜ್ಜುಗೊಳಿಸಿತು. 1986ರ ಜನವರಿಯಲ್ಲಿ ಮುಷ್ಕರ ಹೂಡಿದ ಐದು ಸಾವಿರಕ್ಕೂ ಹೆಚ್ಚು ಮಂದಿಯನ್ನು ಕೆಲಸದಿಂದ ತೆಗೆದುಹಾಕಿ, ತನ್ನ ಪತ್ರಿಕೆಗಳನ್ನು ಅಲ್ಲಿಂದಲೇ ಹೊರಡಿಸಿತು. ಒಂದು ವರ್ಷಕ್ಕೂ ಮೀರಿ ಬೀದಿಯಲ್ಲಿ ನಿಂತ ಕಾರ್ಮಿಕರು 1987ರ ಫೆಬ್ರವರಿಯಲ್ಲಿ ಕೆಲಸವನ್ನು ಮರಳಿ ಪಡೆಯದೆಯೇ ಹಿಂದಿರುಗಿದರು.

ಎರಡೂ ಕಡೆ ಬಂದ ಯಂತ್ರವು ಹೆಚ್ಚುಕಡಿಮೆ ಒಂದೇ. ಯಂತ್ರಕ್ಕೆ ಕರುಣೆಯೂ ಇಲ್ಲ, ಕ್ರೌರ್ಯವೂ ಇಲ್ಲ. ನ್ಯೂಯಾರ್ಕಿನಲ್ಲಿ ಮಾತುಕತೆಯು ಮೊದಲು, ಯಂತ್ರವು ಆಮೇಲೆ; ಲಂಡನ್ನಿನಲ್ಲಿ ಯಂತ್ರವು ಗುಟ್ಟಾಗಿ ಬಂದು ಮಾತುಕತೆಗೆ ಎಡೆಯೇ ಉಳಿಯಲಿಲ್ಲ. ಇಂದು ಯಾವುದೇ ಕಛೇರಿಯಲ್ಲಿ ಹೊಸ ತಂತ್ರಾಂಶವೊಂದು ಬಂದಾಗ ಅಲ್ಲಿಯ ಜನರ ಮುಖ ಏಕೆ ಬಾಡಿದೆ ಅಥವಾ ಏಕೆ ಅರಳಿದೆ ಎಂಬುದನ್ನು ತಿಳಿಯಬೇಕಾದರೆ ತಂತ್ರಾಂಶದ ಗುಣಗಳನ್ನು ಪಟ್ಟಿಮಾಡಿ ಫಲವಿಲ್ಲ. ಅದು ಬರುವ ಮುನ್ನ ಯಾರನ್ನು ಕೇಳಿದರು, ಕಲಿಯಲು ಎಷ್ಟು ದಿನ ಕೊಟ್ಟರು, ಕಲಿಯುವಾಗ ಆದ ತಪ್ಪನ್ನು ಯಾರ ಲೆಕ್ಕಕ್ಕೆ ಬರೆದರು ಎಂದು ವಿಚಾರಿಸಬೇಕು.

ಕಾಗದಕ್ಕೆ ಪಟ್ಟಿ ಅಂಟಿಸುವ ಆ ಹೊಸ ಕೆಲಸವೂ ಬಹುಕಾಲ ಉಳಿಯಲಿಲ್ಲ. 1985ರಲ್ಲಿ ಮ್ಯಾಕಿಂಟಾಷ್ ಗಣಕಯಂತ್ರ, ಲೇಸರ್ ಮುದ್ರಣಯಂತ್ರ, ಪೇಜ್‌ಮೇಕರ್ ಎಂಬ ತಂತ್ರಾಂಶ ಈ ಮೂರೂ ಕೂಡಿದಾಗ ಇಡಿಯ ಪುಟವನ್ನು ಮೇಜಿನ ಮೇಲೆಯೇ ಕಟ್ಟುವುದು ಸಾಧ್ಯವಾಯಿತು. ಕನ್ನಡದ ಊರೂರುಗಳಲ್ಲಿ ಮುಂದೆ ತಲೆಯೆತ್ತಿದ ಡಿಟಿಪಿ ಅಂಗಡಿಗಳು ಇದರ ಕೂಸುಗಳೇ. ಲಗ್ನಪತ್ರಿಕೆಯಿಂದ ಜಾತ್ರೆಯ ಕರಪತ್ರದವರೆಗೆ ಎಲ್ಲವೂ ಅಲ್ಲಿಯೇ ಸಿದ್ಧವಾದವು. 1990ರಲ್ಲಿ ಫೋಟೋಷಾಪ್ ಬಂದಿತು. ಅದನ್ನು ಪೆಟ್ಟಿಗೆಯಲ್ಲಿ ಒಮ್ಮೆ ಕೊಂಡರೆ ಸಾಕಾಗುತ್ತಿದ್ದಿತು. 2013ರಲ್ಲಿ ಅಡೋಬಿ ಸಂಸ್ಥೆಯು ತನ್ನ ಮುಂದಿನ ಆವೃತ್ತಿಗಳನ್ನು ಮಾರುವ ಬದಲು ಬಾಡಿಗೆಗೆ ಮಾತ್ರ ಕೊಡುವುದಾಗಿ ಸಾರಿತು. ಅಂಬಿಗನ ಹುಟ್ಟು ಅವನ ಸ್ವಂತದ್ದು. ಇಂದಿನ ವಿನ್ಯಾಸಕನ ಕುಂಚವಾದರೋ ತಿಂಗಳ ಬಾಡಿಗೆ ನಿಂತೊಡನೆ ಕೈಯಿಂದ ಜಾರುವಂತಹುದು. ಕಾಯಕದ ಸ್ವಾತಂತ್ರ್ಯವನ್ನು ಕುರಿತು ಯೋಚಿಸುವವರು ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕಲಾಗದು.

ಸಲಕರಣೆಯು ಸಾಯುವುದೂ ಉಂಟು. 1996ರಲ್ಲಿ ಹುಟ್ಟಿದ ಫ್ಲಾಷ್ ಎಂಬ ತಂತ್ರಾಂಶದಿಂದ ಒಂದು ಪೀಳಿಗೆಯ ವಿನ್ಯಾಸಕರು ಚಲಿಸುವ ಚಿತ್ರಗಳನ್ನೂ ಆಟಗಳನ್ನೂ ರಚಿಸಿ ಹೆಸರು ಗಳಿಸಿದರು. 2010ರಲ್ಲಿ ಆಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ ತಮ್ಮ ಫೋನಿನಲ್ಲಿ ಅದಕ್ಕೆ ಸ್ಥಳವಿಲ್ಲವೆಂಬುದಕ್ಕೆ ಕಾರಣಗಳನ್ನು ಬಹಿರಂಗಪತ್ರದಲ್ಲಿ ಬರೆದರು. 2020ರ ಡಿಸೆಂಬರ್ 31ಕ್ಕೆ ಅದರ ಆಯುಸ್ಸು ಮುಗಿಯಿತು. ಫ್ಲಾಷ್ ಬಲ್ಲೆನೆಂಬುದನ್ನೇ ತನ್ನ ಗುರುತು ಮಾಡಿಕೊಂಡಿದ್ದವನು ಅಂದು ಅನಾಥನಾದನು. ಚಲನೆಯ ಲಯವನ್ನು, ಎಷ್ಟು ಹೊತ್ತು ನಿಲ್ಲಬೇಕು, ಎಲ್ಲಿ ವೇಗಗೊಳ್ಳಬೇಕು ಎಂಬುದನ್ನು ಬಲ್ಲವನು ಅದೇ ಬಲ್ಮೆಯನ್ನು ಬೇರೆ ಸಲಕರಣೆಗೆ ಕೊಂಡೊಯ್ದನು. ಬದಲಾಗದ ಭಾಗವು ಯಾವುದೆಂಬುದು ಇಲ್ಲಿ ಚೆನ್ನಾಗಿ ಕಾಣುತ್ತದೆ.

ಸಲಕರಣೆಯು ಕೆಲಸವನ್ನು ಬದಲಿಸುವುದು ಮಾತ್ರವಲ್ಲ, ಕೆಲಸಗಾರರ ನಡುವಣ ನಡವಳಿಕೆಯನ್ನೂ ಬದಲಿಸುತ್ತದೆ. ಫಿಗ್ಮಾ ಇದಕ್ಕೆ ಉತ್ತಮ ನಿದರ್ಶನ. 2016ರಲ್ಲಿ ಎಲ್ಲರ ಬಳಕೆಗೆ ಬಂದ ಈ ವಿನ್ಯಾಸ ತಂತ್ರಾಂಶವು ಒಂದೇ ಚಿತ್ರದ ಮೇಲೆ ಹಲವರು ಒಮ್ಮೆಗೇ ಕೆಲಸ ಮಾಡುವುದನ್ನು ಸಾಧ್ಯಗೊಳಿಸಿತು. ಅದಕ್ಕೆ ಮುನ್ನ ವಿನ್ಯಾಸಕನು ತನ್ನ ಕಡತವನ್ನು ತನ್ನ ಯಂತ್ರದಲ್ಲಿಯೇ ಇಟ್ಟುಕೊಂಡು, ಪೂರ್ತಿಯಾದ ಮೇಲೆ ಮಾತ್ರ ಇತರರಿಗೆ ಕಳುಹುತ್ತಿದ್ದನು. ‘ಅಂತಿಮ’, ‘ಅಂತಿಮ 2’, ‘ಇದೇ ಅಂತಿಮ’ ಎಂಬ ಹೆಸರಿನ ಕಡತಗಳು ಕಛೇರಿಗಳಲ್ಲಿ ತುಂಬಿ, ನಿಜವಾದ ಅಂತಿಮವು ಯಾವುದೆಂಬುದು ದೇವರಿಗೇ ಗೊತ್ತಿರಬೇಕಾಗಿತ್ತು. ಹೊಸ ಸಲಕರಣೆಯಲ್ಲಿ ಆ ಗೊಂದಲವು ಬಹುಮಟ್ಟಿಗೆ ತೀರಿತು. ಆದರೆ ಮರೆಯೂ ಹೋಯಿತು. ಹೊಸಬನು ಗೆರೆಯೊಂದನ್ನು ಎಳೆಯುತ್ತಿರುವಾಗಲೇ ಅಧಿಕಾರಿಯ ಹೆಸರು ಹೊತ್ತ ಬಾಣವೊಂದು ಪರದೆಯ ಮೇಲೆ ಸುಳಿಯುತ್ತದೆ. ಅರ್ಧ ಬೆಂದ ಅಡಿಗೆಯನ್ನು ಬೀಗರು ಬಂದು ಮುಚ್ಚಳ ತೆಗೆದು ನೋಡಿದಂತೆ ಅವನಿಗಾಗುತ್ತದೆ. ಇದೇ ವಿನ್ಯಾಸದ ಭವಿಷ್ಯವಾದರೆ ವೃತ್ತಿಯನ್ನೇ ಬದಲಿಸುವೆವೆಂದು ಆರಂಭದಲ್ಲಿ ಬರೆದವರೂ ಇದ್ದರು. ಅವರ ಮಾತನ್ನು ಬರಿಯ ಸೋಮಾರಿತನವೆನ್ನಲಾಗದು. ಹಿರಿಯನಾದವನು ಕೆಲಸ ಮುಗಿಯುವವರೆಗೆ ಇಣುಕದೆ ಇರುವುದು, ಇಣುಕಿದರೆ ಬಂದೆನೆಂದು ಮೊದಲೇ ಹೇಳುವುದು, ಇಂತಹ ಮರ್ಯಾದೆಗಳನ್ನು ಯಾವ ತಂತ್ರಾಂಶವೂ ಕಲಿಸಿಕೊಡುವುದಿಲ್ಲ. ಅವುಗಳನ್ನು ಜನರೇ ಕಟ್ಟಿಕೊಳ್ಳಬೇಕು.

ಅಲ್ಲಿ ಇನ್ನೊಂದು ತೊಡಕೂ ಉಂಟು. ಹೊಸ ಸಲಕರಣೆಯನ್ನು ಮೊದಲು ಕೈವಶ ಮಾಡಿಕೊಳ್ಳುವವರು ಸಾಮಾನ್ಯವಾಗಿ ಕಿರಿಯರು. ಹದಿನೈದು ವರ್ಷದ ಅನುಭವಿಯು ನಿನ್ನೆ ಬಂದ ಹುಡುಗಿಯ ಬಳಿಗೆ ಹೋಗಿ, “ಇದನ್ನು ಹೇಗೆ ಮಾಡುವುದಮ್ಮಾ?” ಎಂದು ಕೇಳಬೇಕಾಗುತ್ತದೆ. ಕೇಳಲಾರದವನು ಎರಡು ದಾರಿಗಳಲ್ಲೊಂದನ್ನು ಹಿಡಿಯುತ್ತಾನೆ: ಹೊಸ ಸಲಕರಣೆಯೇ ಕೆಟ್ಟದ್ದೆಂದು ವಾದಿಸುತ್ತಾನೆ, ಇಲ್ಲವೆ ಕಲಿತವನಂತೆ ನಟಿಸುತ್ತಾನೆ. ಕಿರಿಯರಲ್ಲಿಯೂ ದೋಷವಿಲ್ಲದಿಲ್ಲ. ಕೀಲಿಗಳನ್ನು ಬೇಗ ಒತ್ತಬಲ್ಲ ತಾವು ಹಿರಿಯರಿಗಿಂತ ಹೆಚ್ಚು ತಿಳಿದವರೆಂದು ಭ್ರಮಿಸುತ್ತಾರೆ. ಎಲ್ಲ ವೃತ್ತಿಯವರೂ ಒಂದೇ ಸಾಲಿನಲ್ಲಿ ಕುಳಿತು ಒಬ್ಬರಿಂದೊಬ್ಬರು ಕೇಳಿ ತಿಳಿದ ಕಲ್ಯಾಣದ ಪರಂಪರೆಯುಳ್ಳವರಿಗೆ ಇದು ಕಷ್ಟವಾಗಬಾರದು, ಆದರೂ ಕಷ್ಟವಾಗುತ್ತದೆ.

ಮಾತಿನ ಬಿರುಸನ್ನು ಕುರಿತೂ ಒಂದು ಪ್ರಸಂಗವನ್ನು ಹೇಳಬೇಕು. ಜಗತ್ತಿನ ಅಸಂಖ್ಯ ಯಂತ್ರಗಳನ್ನು ನಡೆಯಿಸುವ ಲಿನಕ್ಸ್ ಎಂಬ ತಂತ್ರಾಂಶವನ್ನು ನಾನಾ ದೇಶಗಳ ಸಾವಿರಾರು ಜನರು ಕೂಡಿ ಬರೆಯುತ್ತಾರೆ. ಬಂದ ಬರವಣಿಗೆಯನ್ನು ಹೋಲಿಸಿ ಜೋಡಿಸಲು ಅವರು 2002ರಿಂದ ಖಾಸಗಿ ಸಂಸ್ಥೆಯೊಂದರ ಸಲಕರಣೆಯನ್ನು ಬಳಸುತ್ತಿದ್ದರು. 2005ರ ಏಪ್ರಿಲಿನಲ್ಲಿ ಆ ಸಂಸ್ಥೆಯು ಉಚಿತ ಬಳಕೆಯನ್ನು ಹಿಂತೆಗೆದುಕೊಂಡಿತು. ಆಗ ಲಿನಕ್ಸಿನ ಮೂಲಕರ್ತೃ ಲೀನಸ್ ಟೋರ್ವಾಲ್ಡ್ಸ್ ತಾವೇ ಗಿಟ್ ಎಂಬ ಹೊಸ ಸಲಕರಣೆಯನ್ನು ಕೆಲವೇ ದಿನಗಳಲ್ಲಿ ಕಟ್ಟಿ, ಅದೇ ವರ್ಷದ ಜುಲೈಯಲ್ಲಿ ಅದರ ಹೊಣೆಯನ್ನು ಜೂನಿಯೋ ಹಮಾನೋ ಎಂಬ ಬೇರೊಬ್ಬರಿಗೆ ಒಪ್ಪಿಸಿಬಿಟ್ಟರು. ಇಂದು ಸಾಫ್ಟ್‌ವೇರಿನವರಲ್ಲಿ ಗಿಟ್ ಅರಿಯದವರು ವಿರಳ. ತಾನು ಮಾಡಿದ್ದು ತನ್ನ ಕೈಯಲ್ಲಿಯೇ ಇರಬೇಕೆಂಬ ಹಟವಿಲ್ಲದ ಆ ಕೊಡುಗೆಯನ್ನು ದಾಸೋಹಭಾವದ ಸಮೀಪದ್ದೆಂದರೆ ತಪ್ಪಾಗಲಾರದು. ಆದರೆ ಅದೇ ವ್ಯಕ್ತಿ ಇತರರ ತಪ್ಪನ್ನು ತೋರಿಸುವಾಗ ಬಳಸುತ್ತಿದ್ದ ಭಾಷೆಯು ಕಠೋರವೆಂದು ಹೆಸರಾಗಿತ್ತು. 2018ರ ಸೆಪ್ಟೆಂಬರಿನಲ್ಲಿ ಅವರು ಬಹಿರಂಗವಾಗಿ ಕ್ಷಮೆ ಯಾಚಿಸಿ, ಕೆಲವು ವಾರ ಹೊಣೆಯನ್ನು ಬಿಟ್ಟು ದೂರ ಸರಿದು, ಅಕ್ಟೋಬರಿನಲ್ಲಿ ಹಿಂದಿರುಗಿದರು. ಅದೇ ಸಮಯದಲ್ಲಿ ಆ ಬಳಗವು ನಡವಳಿಕೆಯ ನಿಯಮಗಳನ್ನು ಅಂಗೀಕರಿಸಿತು. ಸಲಕರಣೆಯನ್ನು ಕೆಲವೇ ದಿನಗಳಲ್ಲಿ ಕಟ್ಟಬಲ್ಲವರಿಗೂ ಮಾತನ್ನು ತಿದ್ದಿಕೊಳ್ಳಲು ವರ್ಷಗಳೇ ಬೇಕಾದವು.

ವೇಗದ ವಿಷಯದಲ್ಲಿ ಇನ್ನೂ ಎಚ್ಚರವು ಬೇಕು. ಐಬಿಎಂ ಸಂಸ್ಥೆಯ ಬೃಹತ್ ತಂತ್ರಾಂಶವೊಂದರ ಮುಖಂಡರಾಗಿದ್ದ ಫ್ರೆಡ್ ಬ್ರೂಕ್ಸರು ತಡವಾದ ಕೆಲಸಕ್ಕೆ ಹೊಸ ಜನರನ್ನು ತುಂಬಿದರೆ ಅದು ಮತ್ತಷ್ಟು ತಡವಾಗುವುದೆಂದು 1975ರಲ್ಲಿಯೇ ಬರೆದರು. ಹೊಸಬರಿಗೆ ತಿಳಿಯಹೇಳುವುದರಲ್ಲಿ ಹಳಬರ ಸಮಯವು ಕಳೆಯುವುದೆಂಬುದು ಅವರು ಕೊಟ್ಟ ಕಾರಣಗಳಲ್ಲೊಂದು. ಹೊಸ ಸಲಕರಣೆಗೂ ಈ ಮಾತು ಸಲ್ಲುತ್ತದೆ. ಮೊದಲ ಕೆಲವು ವಾರ ಕೆಲಸವು ನಿಧಾನವಾಗಿಯೇ ಆಗುವುದು. ಆ ನಿಧಾನವನ್ನು ಸಹಿಸದ ಅಧಿಕಾರಿಯು ಹಳೆಯ ಗಡುವನ್ನೇ ಇಟ್ಟು ಹೊಸ ವಿದ್ಯೆಯನ್ನೂ ಬೇಡಿದಾಗ, ಕಲಿಯುವಿಕೆಯೆಲ್ಲ ರಾತ್ರಿಗೆ, ಮನೆಯವರ ಪಾಲಿನ ಹೊತ್ತಿಗೆ ಸರಿಯುತ್ತದೆ. ಆಮೇಲೆ ಕೈ ಪಳಗಿ ಎಂಟು ಗಂಟೆಯ ಕೆಲಸವು ನಾಲ್ಕು ಗಂಟೆಗೆ ಮುಗಿಯಿತೆನ್ನಿ. ಉಳಿದ ನಾಲ್ಕು ಗಂಟೆ ಯಾರದು? ಅನೇಕ ಕಡೆಗಳಲ್ಲಿ ಅದು ಮತ್ತೊಂದು ಕೆಲಸದಿಂದ ಕೂಡಲೇ ತುಂಬಿಹೋಗುತ್ತದೆ. ಆಯ್ದಕ್ಕಿ ಮಾರಯ್ಯನು ಎಂದಿನ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಮರಳಿಸಿದ ಕಥೆಯು ಮನೆಮನೆಗೂ ಗೊತ್ತು. ಕಾಯಕಕ್ಕೆ ಒಂದು ಅಳತೆಯುಂಟೆಂದು ಆ ತಾಯಿ ಬಲ್ಲಳು. ಇಂದಿನ ಕಛೇರಿಗಳಲ್ಲಿ ಸಲಕರಣೆಯ ವೇಗವನ್ನು ಅಳೆಯುವವರು ಬಹಳ. ‘ಇಷ್ಟು ಸಾಕು’ ಎನ್ನುವ ಅಳತೆಗೋಲನ್ನು ಹಿಡಿದವರು ಕಡಿಮೆ.

ಇತ್ತೀಚಿನ ಬದಲಾವಣೆಯು ಇವೆಲ್ಲಕ್ಕಿಂತ ಆಳವಾದದ್ದು. 2021ರಲ್ಲಿ ಪ್ರಯೋಗಾರ್ಥವಾಗಿ ಹೊರಬಂದ ಗಿಟ್‌ಹಬ್ ಕೋಪೈಲಟ್, 2022ರ ನವೆಂಬರಿನಲ್ಲಿ ಬಂದ ಚಾಟ್‌ಜಿಪಿಟಿ ಮೊದಲಾದ ಕೃತಕ ಬುದ್ಧಿಮತ್ತೆಯ ಸಲಕರಣೆಗಳು, ಬೇಕಾದುದನ್ನು ಮಾತಿನಲ್ಲಿ ವಿವರಿಸಿದರೆ ಸಾಫ್ಟ್‌ವೇರಿನ ಸಾಲುಗಳನ್ನು ತಾವೇ ಬರೆದುಕೊಡುತ್ತವೆ. ವಿನ್ಯಾಸದ ಚಿತ್ರಗಳನ್ನು ರಚಿಸುವಂತಹವೂ ಬಂದಿವೆ. ಅವು ಬರೆದದ್ದರಲ್ಲಿ ತಪ್ಪುಗಳೂ ಇರುತ್ತವೆ, ಮತ್ತು ಆ ತಪ್ಪುಗಳು ಸರಿಯಾದದ್ದರಷ್ಟೇ ನಿಸ್ಸಂಶಯವಾದ ಧಾಟಿಯಲ್ಲಿ ಇರುತ್ತವೆ. ಅನುಭವಿಯಾದವನು ತಪ್ಪನ್ನು ಗುರುತಿಸಬಲ್ಲನು. ಗುರುತಿಸುವ ಆ ಕಣ್ಣು ಅವನಿಗೆ ಬಂದದ್ದಾದರೂ ಎಲ್ಲಿಂದ? ಯಾರೂ ಲೆಕ್ಕಿಸದ ಸಣ್ಣಪುಟ್ಟ ಕೆಲಸಗಳನ್ನು ವರ್ಷಗಟ್ಟಲೆ ಮಾಡಿದ್ದರಿಂದ. ಆ ಸಣ್ಣಪುಟ್ಟ ಕೆಲಸಗಳೇ ಈಗ ಮೊಟ್ಟಮೊದಲು ಯಂತ್ರದ ಪಾಲಾಗುತ್ತಿವೆ.

ಹಳೆಯ ಅಚ್ಚುಕೂಟಕ್ಕೆ ಸೇರಿದ ಹುಡುಗನಿಗೆ ಮೊದಲ ದಿನವೇ ಪುಟ ಕಟ್ಟಲು ಕೊಡುತ್ತಿರಲಿಲ್ಲ. ಅಚ್ಚಾಗಿ ಮುಗಿದ ಪುಟದ ಮೊಳೆಗಳನ್ನು ಬಿಡಿಸಿ, ತೊಳೆದು, ಒಂದೊಂದನ್ನೂ ಅದರದರ ಗೂಡಿಗೆ ಹಾಕುವುದು ಅವನ ಕೆಲಸ. ಅದು ಬೇಸರದ ಕೆಲಸ, ಕೈ ಮಸಿಯಾಗುವ ಕೆಲಸ. ಆದರೆ ‘ಕ್ಷ’ದ ಗೂಡು ಎಲ್ಲಿದೆ, ‘ರ’ದ ಒತ್ತು ಯಾವ ಮೂಲೆಯಲ್ಲಿದೆ ಎಂಬುದನ್ನು ಬೆರಳುಗಳು ಕಲಿತದ್ದು ಆಗಲೇ. ಇಂದಿನ ಸಾಫ್ಟ್‌ವೇರ್ ಕಛೇರಿಯಲ್ಲಿ ಹೊಸಬನಿಗೆ ಕೊಡುತ್ತಿದ್ದ ಚಿಕ್ಕ ದೋಷಗಳ ತಿದ್ದುಪಡಿಯೂ ಮೊಳೆ ಬಿಡಿಸುವ ಕೆಲಸವೇ ಆಗಿದ್ದಿತು. ಯಂತ್ರವು ಅದನ್ನು ಕ್ಷಣದಲ್ಲಿ ಮಾಡುತ್ತದೆಂದು ಹೊಸಬನನ್ನೇ ಬೇಡವೆನ್ನುವುದು ಒಂದು ಬಗೆ. ಯಂತ್ರವು ಬರೆದುಕೊಟ್ಟ ಪ್ರತಿಯೊಂದು ಸಾಲನ್ನೂ ಹೊಸಬನ ಮುಂದಿಟ್ಟು, “ಇದು ಏಕೆ ಹೀಗಿದೆ, ಇಲ್ಲಿ ತಪ್ಪಿದರೆ ಏನಾಗುವುದು, ಹೇಳು ನೋಡೋಣ” ಎಂದು ಹಿರಿಯನು ಪಕ್ಕದಲ್ಲಿ ಕುಳಿತು ಕೇಳುವುದು ಇನ್ನೊಂದು ಬಗೆ. ಇದಕ್ಕೆ ದಿನಕ್ಕೆ ಒಂದು ಗಂಟೆಯಾದರೂ ಹಿಡಿಯುತ್ತದೆ. ಸಲಕರಣೆಯು ಉಳಿಸಿಕೊಟ್ಟ ನಾಲ್ಕು ಗಂಟೆಗಳಲ್ಲಿ ಒಂದು ಗಂಟೆ.